ಹುಳಕ್ಕೆ ಎಡೆ ಇಟ್ಟ ಪುಟ್ಟಮಲ್ಲಪ್ಪ

ಕೊಳ್ಳೇಗಾಲದ ಪುಟ್ಟಮಲ್ಲಪ್ಪ ಇಪ್ಪತ್ತು ವರ್ಷದಲ್ಲಿ ಬಿಚ್ಚಿದ ರೇಷ್ಮೆ ನೂಲನ್ನು ಭೂಮಿಗೆ ಮೂರು ಸುತ್ತು ಸುತ್ತಿ, ಹನೂರಿನ ಹತ್ತಿರ ಗಂಟು ಹಾಕಿ, ಮಿಕ್ಕದ್ದರಲ್ಲಿ ಚಂದ್ರನಿಗೊಂದು ಉಡಿದಾರ ಮಾಡಬಹುದಿತ್ತು. ಕುದಿಯುವ ಹಂಡೆಯಲ್ಲಿ ಗೂಡು ಬೇಯಿಸಿ, ಎಳೆ ಹುಡುಕಿ ಚರಕಕ್ಕೆ ಕೊಡುವುದು ಅವನ ಕಸುಬು. ಬೆರಳುಗಳು ಎಷ್ಟು ಬೆಂದಿದ್ದವೆಂದರೆ ಒಲೆಯ ಕೆಂಡವನ್ನು ಬರಿಗೈಲಿ ಎತ್ತಿ ನನ್ನ ಬೀಡಿ ಹಚ್ಚಿ, ಕುಶಲ ವಿಚಾರಿಸಿ, ಆಮೇಲೆ ಕೆಂಡವನ್ನು ವಾಪಸು ಇಡುತ್ತಿದ್ದ.

ಅರುವತ್ತನಾಲ್ಕನೆಯ ಇಸವಿಯಲ್ಲಿ ಅವನಿಗೆ ತಲೆಸುತ್ತು ಶುರುವಾಯಿತು. ನಿವೃತ್ತ ಡ್ರಿಲ್ ಮೇಷ್ಟ್ರು ಜಡೇಸ್ವಾಮಿಯವರು ಗುಡಿಯ ಜಗುಲಿಯಲ್ಲಿ ಬೆಳಗಿನ ಹೊತ್ತು ನಮ್ಮಂಥ ನಾಲ್ಕೈದು ಜನಕ್ಕೆ ಯೋಗ ಕಲಿಸುತ್ತಿದ್ದರು. ನಾನೇ ಅವನನ್ನು ಎಳೆದುಕೊಂಡು ಹೋದೆ. ವೃಕ್ಷಾಸನ: ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಪಾದವನ್ನು ತೊಡೆಗೆ ಒತ್ತಿ, ಕೈಗಳನ್ನು ತಲೆಯ ಮೇಲೆ ಜೋಡಿಸಬೇಕು. ಹಾಗೇ ನಿಂತು ಒಂದು ಓಂಕಾರ.

"ಅ ಅಂದ್ರೆ ಎಚ್ಚರ, ಉ ಅಂದ್ರೆ ಕನಸು, ಮ ಅಂದ್ರೆ ನಿದ್ದೆ," ಎಂದರು ಮೇಷ್ಟ್ರು. "ಮೂರೂ ಮುಗಿದ ಮೇಲೆ ಒಂದು ನಿಶ್ಶಬ್ದ ಬರುತ್ತಲ್ಲ, ಓಂಕಾರದ ಅರ್ಥ ಇರೋದು ಅಲ್ಲಿ. ಶಿವ ಇರೋದೂ ಅಲ್ಲೇ. ಅಲ್ಲಿ ಅಲ್ಲಾಡಬೇಡಿ."

ನಾನು ಅ ಮುಗಿಯುವುದರೊಳಗೇ ಉರುಳುತ್ತಿದ್ದೆ. ಆ ಸದ್ದಿಗೆ ಯಳಂದೂರಿನಲ್ಲಿ ಹಸುಗಳು ಬೆದರಿ ಅವಧಿಗೆ ಮುಂಚೆ ಕರು ಹಾಕುತ್ತಿದ್ದವು. ಪುಟ್ಟಮಲ್ಲಪ್ಪ ಹಾಗಲ್ಲ. ಓಂಕಾರ ಮುಗಿಯುವ ತನಕ ಕಲ್ಲುಕಂಬ. ತುಟಿ ಮುಚ್ಚಿ ಮ ಅಡಗಿತೋ, ಯಾರೋ ಮೊಣಕಾಲಿಗೆ ಹೊಡೆದ ಹಾಗೆ ಕುಸಿಯುತ್ತಿದ್ದ. ದಿನವೂ ಅಲ್ಲೇ.

ಹನ್ನೆರಡನೆಯ ದಿನ ಮೇಷ್ಟ್ರು ರೇಗಿದರು. "ಏನಯ್ಯಾ, ಶಿವ ಬರೋ ಹೊತ್ತಿಗೆ ಸರಿಯಾಗಿ ಬೀಳ್ತೀಯಲ್ಲ!"

"ಶಿವ ಅಲ್ಲ ಸಾ," ಎಂದ. ಮುಖ ಬೂದಿಯಾಗಿತ್ತು. "ಅಲ್ಲಿ ಉಳ ಮೇಯ್ತವೆ."

ರೇಷ್ಮೆಹುಳ ಸಾಕಿದವರಿಗೆ ಆ ಸದ್ದು ಗೊತ್ತು. ಕೊನೆಯ ಸಲ ಪೊರೆ ಕಳಚಿದ ಹುಳಗಳು ಸೊಪ್ಪಿನ ಮೇಲೆ ಬಿದ್ದರೆ ಮನೆಯೊಳಗೇ ಸೋನೆಮಳೆ ಹಿಡಿದಂತೆ ಕೇಳುತ್ತದೆ. ಆದರೆ ಪುಟ್ಟಮಲ್ಲಪ್ಪ ಸಾಕಿದವನಲ್ಲ. ಅವನ ಕೈಗೆ ಬರುವ ಹೊತ್ತಿಗೆ ಅವು ಮೇಯುವುದನ್ನು ಮುಗಿಸಿ, ಗೂಡು ಕಟ್ಟಿಕೊಂಡು ಒಳಗೆ ಮಲಗಿರುತ್ತಿದ್ದವು. ಬೇಯಿಸುವುದಷ್ಟೇ ಅವನ ಪಾಲು.

"ಅಲ್ಲಿರದು ಶಿವನೋ ಅವೋ, ನಂಗೆ ಗೊತ್ತಾಗ್ಬೇಕು ಸಾ. ಅವೇ ಆದ್ರೆ ನಾ ಇನ್ ಚರಕದ ಮುಂದೆ ಎಂಗೆ ಕುಂತ್ಕಳದು?"

ದಾರಿ ಹೇಳಿದವಳು ಅವನ ಹೆಂಡತಿ ಬಸವಮ್ಮ. "ದಿನಾ ಆ ಉಳಗೋಳ್ನ ಬೇಯ್ಸ್ತೀರಿ, ಬೆಳಿಗ್ಗೆ ಎದ್ದು ಒಂಟಿಕಾಲ್ ಕೊಕ್ಕರೆ ಆಯ್ತೀರಿ. ಅಸ್ಕಂಡಿರ್ತವೆ, ಪಾಪ. ಅಮಾಸೆಗೆ ನಿಮ್ಮಪ್ಪಂಗೆ ಎಡೆ ಇಡ್ತೀರಲ್ಲ, ಪಕ್ಕದಲ್ಲಿ ಅವ್ಕೂ ಒಂದ್ ಇಡಿ!"

ಅವಳು ತಮಾಷೆಗೆ ಅಂದಿದ್ದಳು. ಅವನು ಇಟ್ಟೇಬಿಟ್ಟ. ಮಹಾಲಯ ಅಮಾವಾಸ್ಯೆ, ಸತ್ತ ಹಿರಿಯರಿಗೆ ಬಡಿಸಿಟ್ಟು ಬಾಗಿಲು ಹಾಕಿಕೊಂಡು ಹೊರಗೆ ಕಾಯುವ ದಿನ. ಅಪ್ಪನ ಎಲೆಯ ಪಕ್ಕ ಇನ್ನೊಂದು ಎಲೆ, ಅದರ ಮೇಲೆ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು. ಬಾಗಿಲು ತೆರೆದಾಗ ಅಪ್ಪನ ವಡೆ ಇಟ್ಟಂತೆಯೇ ಇತ್ತು. ಸೊಪ್ಪಿನಲ್ಲಿ ನರ ಮಾತ್ರ ಉಳಿದಿತ್ತು. ಕೊಳ್ಳೇಗಾಲದ ಮೇಕೆಗಳ ಪ್ರತಾಪ ನಾನೂ ಬಲ್ಲೆ. ಗೋಡೆಯ ಸಿನಿಮಾ ಪೋಸ್ಟರಿನಲ್ಲಿ ನಾಯಕನ ಮೀಸೆಯನ್ನಷ್ಟೇ ಆರಿಸಿ ಮೇಯ್ದವು ಅವು. ಆದರೆ ಚಿಲಕ ಹಾಕಿದ ಕೋಣೆಗೆ ಹೋಗಿ, ವಡೆ ಮುಟ್ಟದೆ, ನರ ಬಿಡಿಸಿ ಸೊಪ್ಪು ತಿನ್ನುವ ಮೇಕೆಯನ್ನು ನಾನು ಕಂಡಿಲ್ಲ.

ಮರುದಿನ ಓಂಕಾರ ಮುಗಿಯಿತು. ಪುಟ್ಟಮಲ್ಲಪ್ಪ ಬೀಳಲಿಲ್ಲ. ನಿಂತೇ ಇದ್ದ, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಶಿವ ಸಿಕ್ಕಿದನೇನಯ್ಯಾ?" ಎಂದರು ಮೇಷ್ಟ್ರು.

"ಯಾರೂ ಇಲ್ಲ ಸಾ. ಉಂಡ್ಕಂಡು ಓಗವ್ರೆ."

ಅವನ ಜೊತೆಯಲ್ಲೇ ಮನೆಗೆ ಹೋದೆ. ಹಂಡೆ ಕುದಿಯುತ್ತಿತ್ತು. ಬಸವಮ್ಮ ಗೂಡಿನ ಮಂಕರಿಯನ್ನು ಎತ್ತಿ ಹಿಡಿದಳು. "ಸುರೀಲಾ?"

ಅವನು ಮಂಕರಿಯ ಬಾಯಿಗೆ ಕೈ ಅಡ್ಡ ಇಟ್ಟ.

"ಸುರೀಲಾ ಅಂದೆ. ಸೌದೆ ದಂಡ ಆಯ್ತಾದೆ."

"ಎಡೆ ಇಟ್ಟಿವ್ನಿ ಕಣಮ್ಮಿ. ಇಟ್ಮೇಲೆ ನಮ್ಮೋರಾಗ್ಲಿಲ್ವಾ? ನಮ್ಮೋರ್ನ ಎಂಗೆ ಬೇಯ್ಸದು?"

ಬಸವಮ್ಮನಿಗೆ ನಗು ಬರಲಿಲ್ಲ. ಮಂಕರಿ ಕೆಳಗಿಟ್ಟು ಒಲೆಯ ಸೌದೆ ಹಿರಿದಳು.

ಆರನೆಯ ದಿನ ಚಿಟ್ಟೆಗಳು ಗೂಡು ತೂತು ಮಾಡಿಕೊಂಡು ಬಂದು ಗೋಡೆಯ ತುಂಬ ಕೂತವು. ಬೆಳ್ಳನೆಯ ಪ್ರಾಣಿಗಳು, ಹಾರಲು ಬಾರದವು, ತಿನ್ನಲು ಬಾಯಿಲ್ಲದವು. ಒಂದು ವಾರ ರೆಕ್ಕೆ ನಡುಗಿಸಿ ಸತ್ತವು. ಬಸವಮ್ಮ ಗುಡಿಸಿದಳು. ಮನೆ ನಿಶ್ಶಬ್ದವಾದ ಮೇಲೆ ಅವನಿಗೆ ಆ ಸದ್ದು ಮತ್ತೆ ಶುರುವಾಯಿತು. ಈ ಸಲ ಎರಡು ಕಾಲ ಮೇಲೆ ನಿಂತಾಗಲೂ, ಎಲ್ಲಿ ಸದ್ದಡಗಿದರೂ.

ಚರಕ ಮಾರಿ, ಹುಳ ಸಾಕುವವರ ಮನೆಗಳಲ್ಲಿ ಸೊಪ್ಪು ಹಾಕುವ ಕೂಲಿಗೆ ಸೇರಿದ. ನಿಜವಾದ ಹುಳ ಮೇಯುವಲ್ಲಿ ಕೇಳುವ ಸದ್ದಿಗೆ ಯಾರೂ ಹೆದರಬೇಕಿಲ್ಲ. ಆದರೆ ಮೇವು ಮುಗಿದು ಹುಳ ಗೂಡು ಕಟ್ಟಲು ಹತ್ತಿದ ದಿನ ಮನೆ ಗಪ್ಪಾಗುತ್ತದೆ. ಆ ದಿನ ಅವನು ಊಟಕ್ಕೂ ನಿಲ್ಲುತ್ತಿರಲಿಲ್ಲ.

ಎಪ್ಪತ್ತೆರಡನೆಯ ಇಸವಿಯಲ್ಲಿ ಯಳಂದೂರಿನಲ್ಲಿ ಬಸ್ಸಿನೊಳಗೆ ಸಿಕ್ಕಿದ. ಕಂಕುಳಲ್ಲಿ ಬಟ್ಟೆಯ ಗಂಟು.

"ಎತ್ತಾಗ್ಲಾ?" ಎಂದೆ.

"ಇಲ್ಲಿ ಮುಗೀತು ಕಣಣ್ಣ. ಅನೂರ್ ಕಡೆ ಇನ್ನೂ ಮೇಯ್ತಾ ಅವಂತೆ."

ಡ್ರೈವರ್ ಇಂಜಿನ್ ಆರಿಸಿ ಟೀ ಕುಡಿಯಲು ಇಳಿದ. ಪುಟ್ಟಮಲ್ಲಪ್ಪ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಏನಾರ ಮಾತಾಡಣ್ಣ," ಎಂದ. "ಸುಳ್ಳಾದ್ರೂ ಸರಿ, ಮಾತಾಡು."