ಒಳಕೋಣೆಯಲ್ಲಿ ಗರ್ಜಿಸಿದ ಕ್ಷಯ

ಗೆಳೆಯರೇ, ಇಂದು ಶಹಾಪುರದ ನನ್ನ ಅಣ್ಣನ ಮನೆಯಲ್ಲಿ ಒಂದು ಮದುವೆ ಕೂದಲೆಳೆಯ ಅಂತರದಲ್ಲಿ ಉಳಿಯಿತು!

ಅಣ್ಣನ ಮಗಳು ಗೌರಿಯನ್ನು ನೋಡಲು ಖಾನಾಪುರದಿಂದ ಬಂದವರು ಪಡಸಾಲೆಯಲ್ಲಿ ಕುಳಿತಿದ್ದರು. ಗೌರಿ ಇನ್ನೂ ಒಳಗಿದ್ದಳು. ನಾನು ಒಳಕೋಣೆಯಲ್ಲಿ ಅವಳ ಮೀನುಗಳ ಗಾಜಿನ ತೊಟ್ಟಿಯ ಮುಂದೆ ನಿಂತಿದ್ದೆ. ಅವಳ ಮುದ್ದಿನ ಕೆಂಪು ಮೀನು ಹಾಕಿದ್ದನ್ನೆಲ್ಲ ನುಂಗುತ್ತಿತ್ತು, ಆದರೂ ಹೊಟ್ಟೆ ಒಳಸೇರಿ ಬೆನ್ನು ಬಾಗಿತ್ತು. ನನ್ನದು ನಾಟಕದ ಗಂಟಲು, ಗರ್ಜಿಸಿಬಿಟ್ಟೆ:

"ಅಯ್ಯೋ, ಈಕಿಗೆ ಕ್ಷಯಾ ಐತಿ! ಎಷ್ಟ್ ತಿಂದ್ರೂ ಸೊರಗ್ಯಾಳ! ಉಳಿದವ್ರಿಗೂ ಹತ್ತತೈತಿ, ಇವತ್ತ ಬ್ಯಾರೆ ಇಡ್ರಿ!"

ಪಡಸಾಲೆಯಲ್ಲಿ ಕಪ್ಪುಬಸಿಗಳ ಸದ್ದು ನಿಂತಿತು. ವರನ ತಾಯಿ ಎದ್ದರು.

"ಹುಡುಗಿಗೆ ಕ್ಷಯಾ ಇದ್ದದ್ದು ಮುಚ್ಚಿಟ್ಟೀರೇನ್ರಿ?"

ಬಂದವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಗೌರಿ ಮೀನನ್ನು ಗಾಜಿನ ಭರಣಿಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಅವ್ವಾರ, ಕಾಕಾ ಹೇಳಿದ್ದು ಈಕಿಗೆ ನೋಡ್ರಿ! ನಾ ಸೊರಗಿದಂಗ ಕಾಣ್ತೀನೇನು?"

ಆ ತಾಯಿ ಮೊದಲು ಮೀನನ್ನು ನೋಡಿದರು, ಆಮೇಲೆ ಗೌರಿಯನ್ನು. ಕೊನೆಗೆ ನಕ್ಕು ಕುಳಿತರು. ಸಂಬಂಧ ಕೂಡಿತು, ಒಂದೇ ಶರತ್ತಿನ ಮೇಲೆ:

"ಮದುವಿ ದಿನ ಈ ಕಾಕಾನ್ನ ಅಷ್ಟ ಬ್ಯಾರೆ ಇಡ್ರಿ!"

ಸೊರಗಿದ್ದು ಮೀನು, ಬೇರೆ ಇಡುವ ಭರಣಿ ಮಾತ್ರ ನನಗೂ ಒಂದು!