ನಿಲ್ಲದ ಸ್ಟಾಪ್‌ವಾಚ್

ಗೆಳೆಯರೇ, ಇವತ್ತು ಬೆಳಿಗ್ಗೆ ಮುಂಡರಗಿ ರಸ್ತೆಯಲ್ಲಿ ನಮ್ಮ ಸೈಕ್ಲಿಂಗ್ ಕೋಚ್ ಜೊತೆ ಜಗಳವಾಯಿತು.

ನಾಲ್ವರ ತಂಡದ ಸ್ಪರ್ಧೆಗೆ ಅಭ್ಯಾಸ ನಡೆದಿತ್ತು. ಎದುರು ಗಾಳಿ. ಸರದಿಯಂತೆ ಒಬ್ಬ ಮುಂದೆ ಹೋಗಿ ಗಾಳಿ ತಡೆಯಬೇಕು, ಉಳಿದವರು ಅವನ ಬೆನ್ನಿಗಂಟಿಕೊಂಡು ಬರಬೇಕು. ನಾಲ್ವರಲ್ಲಿ ಕೊನೆಗಿದ್ದ ರಜಾಕ್ ಹಿಂದೆ ಬೀಳತೊಡಗಿದ. ನನಗೆ ಕಾಯಲಾಗಲಿಲ್ಲ. ಮೂವರನ್ನೂ ಬಿಟ್ಟು ತುಳಿದು, ಚಹಾದಂಗಡಿ ಮುಂದೆ ನಿಂತಿದ್ದ ಕೋಚ್ ಹತ್ತಿರ ಮೊದಲು ತಲುಪಿದೆ.

ಅವರು ಸ್ಟಾಪ್‌ವಾಚ್ ಒತ್ತಲೇ ಇಲ್ಲ.

“ಸರ್, ಬಂದೀನ್ರಿ. ಒತ್ರಿ.”

“ನೀ ಬಂದಿ. ತಂಡ ಎಲ್ಲೈತಿ?”

“ಅವ್ರು ನಿಧಾನ ಅದಾರ್ರಿ. ನಾ ಏನ್ ಮಾಡ್ಲಿ?”

“ರಜಾಕ್ ಬಂದ ಮ್ಯಾಲ ಇದು ನಿಲ್ತೈತಿ. ಅಲ್ಲೀತನಾ ಚಾ ಕುಡಿ.”

“ಹಂಗಾರ ನಾ ಜೋರು ಹೊಡದಿದ್ದು ದಂಡ ಏನ್ರಿ?”

“ಅವಂಗ ಉಪಯೋಗ ಆಗದ ಜೋರು ನನಗ್ಯಾಕಲೇ? ನಾಳೆ ಅವನ ಮುಂದ ನಿಂತು ಗಾಳಿ ತಡಿ. ಇಲ್ಲಾಂದ್ರ ತಂಡದಾಗ ನೀ ಇಲ್ಲ.”

ಚಹಾ ಕುಡಿದೆ, ಸಿಟ್ಟು ಇನ್ನೂ ಇಳಿದಿಲ್ಲ. ನಾಳೆ ನಿಧಾನಿಸು ಎಂದರೆ ನನ್ನ ಕಾಲು ಮಾತು ಕೇಳುತ್ತದೆಂದು ಸುಳ್ಳು ಹೇಳಲಾರೆ. ಆದರೆ ಕೊನೆಯವನು ಬರುವ ತನಕ ನಿಲ್ಲದ ಇಂಥ ಗಡಿಯಾರ ನಮ್ಮ ಶಾಲೆಯಲ್ಲಿದ್ದಿದ್ದರೆ, ಓದಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದ ನಾನು ಒಂಬತ್ತನೇ ತರಗತಿಗೇ ಶಾಲೆ ಬಿಡುತ್ತಿರಲಿಲ್ಲ.