ಕೌದಿಯ ಮೂಲೆಯ ಕಂದು ದಾರ

ಜಲನಗರದ ನಮ್ಮ ಮನೆಯ ಮಹಡಿಯ ಮೇಲೆ ಇವತ್ತು, ಆಯಿ ಹಳೇ ಸೀರೆಗಳಲ್ಲಿ ಹೊಲಿದ ಕೌದಿಯನ್ನು ಬಿಸಿಲಿಗೆ ಹಾಕಿದೆ. ಆಯಿ ಅಂದರೆ ನನ್ನ ಅವ್ವನ ಅವ್ವ. ಕೌದಿಯ ಮಡಿಕೆಯಿಂದ ಬೇವಿನೆಲೆಯ ವಾಸನೆ ಎದ್ದದ್ದೇ ತಡ, ನಾನು ನೆನಪಿನಲ್ಲೇ ನನ್ನ ಬಾಲ್ಯದ, ತಿಕೋಟಾದಾಚೆಯ ಗುಡ್ಡದ ಹಳ್ಳಕ್ಕೆ ಹೋಗಿಬಿಟ್ಟೆ.

ಅಲ್ಲಿ ನಿಂತ ನೀರಿನ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆಗಳು, ಜೇಕು ಹುಲ್ಲಿನ ತುದಿಯಲ್ಲಿ ಸೂಜಿಯಷ್ಟು ತೆಳ್ಳಗಿನ ನೀಲಿ ಹುಳಗಳು. ಆಯಿ ಬಂಡೆಯ ಮೇಲೆ ಕೂತು ಆಡು ಕಾಯುತ್ತಲೇ ಕೌದಿ ಹೊಲಿಯುತ್ತಿದ್ದಳು. ನಾನು ಅವಳ ಬಿಳಿ ದಾರ ಕದ್ದು ಚಿಟ್ಟೆಯ ಬಾಲಕ್ಕೆ ಕಟ್ಟಿ, ಕಲ್ಲು ಎತ್ತಿಸುತ್ತಿದ್ದೆ. ಎತ್ತದಿದ್ದರೆ ರೆಕ್ಕೆ ಕೀಳುತ್ತಿದ್ದೆ. ಅವತ್ತು ಜೋರಾಗಿ ಜಗ್ಗಿದೆ. ಬಾಲ ಕಿತ್ತು ದಾರದಲ್ಲೇ ಉಳಿಯಿತು, ಅರ್ಧ ಚಿಟ್ಟೆ ಹಾರಿಹೋಯಿತು. ನಾನು ಚಪ್ಪಾಳೆ ತಟ್ಟಿ ನಕ್ಕೆ.

ಆಯಿ ಎದ್ದು ಬಂದವಳೇ ಅದೇ ದಾರವನ್ನು ನನ್ನ ತೋರುಬೆರಳಿಗೆ ಸುತ್ತಿ ಜಗ್ಗಿದಳು. ಬೆರಳು ನೀಲಿಯಾಯಿತು. ಚರ್ಮ ಸೀಳಿ ರಕ್ತ ಬಂತು.

"ಹಾರು ಈಗ. ಹಾರಿ ತೋರಸು!"

"ಬಿಡ ಬೇ ಆಯಿ, ಬೆರಳ ಹರೀತೈತಿ!"

"ಅದಕ್ಕ ಒದರಾಕ ಬಾಯಿರಲಿಲ್ಲ. ನಿನಗೈತಿ. ಒದರು!"

ಆಮೇಲೆ ದಾರ ಬಿಚ್ಚಿ, ಅದನ್ನೇ ಸೂಜಿಗೆ ಪೋಣಿಸಿ ಹೊಲಿಗೆ ಮುಂದುವರಿಸಿದಳು. ದಾರ ಹಾಳು ಮಾಡುವ ಜಾಯಮಾನ ಅವಳದಲ್ಲ. ನನ್ನ ಬೆರಳು ಕೀವು ತುಂಬಿ, ಡೊಂಕಾಗಿಯೇ ಮಾಯಿತು.

ಇವತ್ತು ನನ್ನ ಏಳು ವರ್ಷದ ಮಗಳು ಕೌದಿಯ ಮೂಲೆಯಲ್ಲಿ ಕಂದಾಗಿ ಉಳಿದ ಆ ಹೊಲಿಗೆಯ ತುದಿ ಎಳೆದು, ಆಟಕ್ಕೆ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನೋಡಿದವಳೇ ಅವಳ ಕೆನ್ನೆಗೆ ಬಾರಿಸಿದೆ.

"ನಾ ಏನ ಮಾಡೀನಿ, ಮಮ್ಮಿ?"

ಅವಳ ಕೆನ್ನೆಯ ಮೇಲೆ ನನ್ನ ನಾಲ್ಕು ಬೆರಳು ಮೂಡಿದ್ದವು. ಅದರಲ್ಲಿ ಒಂದು ಡೊಂಕು.